ಸೀಸದ ಗುಂಡು: ಮೊದಲು ತೂಗಿ, ಆಮೇಲೆ ಕಾಲ ಹೇಳಿ

ಪ್ರಶ್ನೆ: ನಾವು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿದ್ದೇವೆ. ಜಮೀನಿನವರ ಅನುಮತಿ ಪಡೆದು ಉತ್ತ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಆಡಿಸಿದಾಗ ಐದು ಸೀಸದ ಗುಂಡು ಸಿಕ್ಕವು. ದುಂಡಗಿರುವ ಮೂರರ ತೂಕ 37, 31 ಮತ್ತು 12 ಗ್ರಾಂ. ಒಂದು ಚಪ್ಪಟೆಯಾಗಿದೆ, ಇನ್ನೊಂದರಲ್ಲಿ ಹಲ್ಲಿನ ಗುರುತುಗಳಿವೆ. ಇವು ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ 1645ರಲ್ಲಿ ನಡೆದ ನೇಸ್‌ಬಿ ಕಾಳಗದವೇ?

ಉತ್ತರ: ಎಲ್ಲವೂ ಆಗಿರಲಿಕ್ಕಿಲ್ಲ. ನೀವು ತೂಕ ಬರೆದದ್ದು ಒಳ್ಳೆಯದಾಯಿತು. ಬಣ್ಣ, ಆಕಾರಕ್ಕಿಂತ ತೂಕವೇ ಹೆಚ್ಚು ಹೇಳುತ್ತದೆ. ಗ್ರಾಂ ತೂಕದ ಘನಮೂಲವನ್ನು 5.67ರಿಂದ ಗುಣಿಸಿದರೆ ಗುಂಡಿನ ಮೂಲ ವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. 31ರ ಘನಮೂಲ 3.14, ಗುಣಿಸಿದರೆ 17.8 ಮಿ.ಮೀ. ಅಪ್ಪಟ ಸೀಸಕ್ಕೆ ಲೆಕ್ಕ ಹಾಕಿದರೆ 5.52 ಬರಬೇಕು. ಆದರೆ ಎರಕದೊಳಗೆ ಗಾಳಿಗುಳ್ಳೆ, ಬೆರಕೆ ಇರುವುದರಿಂದ ನಿಜವಾದ ಗುಂಡುಗಳಿಗೆ 5.67 ಸರಿಹೊಂದುತ್ತದೆ. ಚಪ್ಪಟೆಯಾದದ್ದಕ್ಕೂ ಇದೇ ಲೆಕ್ಕ ಸಾಕು, ಚೂರು ಹಾರಿಹೋಗಿರಬಾರದು ಅಷ್ಟೆ. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಅಂಟಿದ ಮಣ್ಣು ತೆಗೆದು, ಪೂರ್ತಿ ಒಣಗಿಸಿಯೇ ತೂಗಿ.

ಇಲ್ಲಿ ಬಹಳ ಜನ ಎಡವುವುದು ಗುಂಡಿನ ವ್ಯಾಸವನ್ನೇ ನಳಿಗೆಯ ಅಳತೆ ಎಂದುಕೊಂಡು. ಕರಿಮದ್ದು ಸುಟ್ಟ ಮಸಿ ನಳಿಗೆಯೊಳಗೆ ಕಟ್ಟಿಕೊಳ್ಳುತ್ತಿತ್ತು. ನಾಲ್ಕಾರು ಸಲ ಹಾರಿಸಿದ ಮೇಲೂ ಗುಂಡು ಒಳಗಿಳಿಯಲಿ ಎಂದು ಅದನ್ನು ಚಿಕ್ಕದಾಗಿಯೇ ಎರೆಯುತ್ತಿದ್ದರು. ಬ್ರಿಟಿಷ್ ಸೇನೆಯ ಬ್ರೌನ್ ಬೆಸ್ ಕೋವಿಯ ನಳಿಗೆ ಸುಮಾರು 19 ಮಿ.ಮೀ., ಗುಂಡು 17.5ರಿಂದ 17.8.

ಹಾಗಾಗಿ ನಿಮ್ಮ 31 ಗ್ರಾಂ ಗುಂಡು ಬ್ರೌನ್ ಬೆಸ್ ಮಾದರಿಯದಿರಬಹುದು. ಆ ಮಾದರಿ ಬಂದದ್ದು 1722ರ ನಂತರ, ಹಾಗಿದ್ದರೆ ನೇಸ್‌ಬಿಗೂ ಅದಕ್ಕೂ ನಂಟಿಲ್ಲ. 37 ಗ್ರಾಂನದು ಬೇರೆ ಮಾತು: ಆ ಅಂತರ್ಯುದ್ಧದ ಕಾಲದಲ್ಲಿ ಒಂದು ಪೌಂಡ್ ಸೀಸಕ್ಕೆ ಹನ್ನೆರಡು ಗುಂಡು ಎರೆಯುವ ಲೆಕ್ಕವಿತ್ತು, ಅಂದರೆ ಗುಂಡಿಗೆ 37.8 ಗ್ರಾಂ. ಇದು ಆ ಕಾಳಗದ್ದಿರಬಹುದು. 12 ಗ್ರಾಂನದು ಸವಾರರ ಪಿಸ್ತೂಲಿಗೆ ಹೊಂದುವ ಅಳತೆ. ಆದರೆ ಮುಂದಿನ ಕಾಲದ ಬೇಟೆ ಕೋವಿಗಳಿಗೂ ಅದೇ ಅಳತೆ ಹೊಂದುತ್ತದೆ, ಅದೊಂದನ್ನೇ ಹಿಡಿದು ಕಾಲ ಹೇಳಬೇಡಿ.

ಈಗ ಭೂತಗನ್ನಡಿ ತೆಗೆದುಕೊಳ್ಳಿ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಸುತ್ತಲೂ ಸಣ್ಣ ಏಣು, ಸೀಸ ಹೊಯ್ದ ಬಾಯಿಯನ್ನು ಕತ್ತರಿಸಿದ ಕಡೆ ಪುಟ್ಟ ಚಪ್ಪಟೆ ಕಾಣುತ್ತದೆ. ಇವೆರಡೂ ಚೊಕ್ಕವಾಗಿದ್ದರೆ ಆ ಗುಂಡು ಬಹುಶಃ ಹಾರಿಲ್ಲ, ಯಾರದೋ ಚೀಲದಿಂದ ಬಿದ್ದದ್ದಿರಬಹುದು. ನಡುವಿಗೆ ಪಟ್ಟಿ ಕಟ್ಟಿದಂತೆ ಅಗಲವಾದ ಸವೆತವಿದ್ದರೆ ನಳಿಗೆಯಿಂದ ಹೊರಟದ್ದು. ಮೈಮೇಲೆ ಮೂರು ನಾಲ್ಕು ಚಪ್ಪಟೆ ಮುಖಗಳಿದ್ದರೆ ಡಬ್ಬಿಯಲ್ಲಿ ತುಂಬಿ ಫಿರಂಗಿಯಿಂದ ಹಾರಿಸಿದ್ದಿರಬಹುದು. ಒಂದಕ್ಕೊಂದು ಒತ್ತಿದ ಗುರುತು ಅದು. ನಡುವೆ ತೂತಿದ್ದರೆ ಮೊದಲು ಮೀನು ಬಲೆಯ ಭಾರವಿರಬೇಕೆಂದು ಯೋಚಿಸಿ.

ಹಲ್ಲಿನ ಗುರುತು ಕಂಡೊಡನೆ, ಶಸ್ತ್ರಚಿಕಿತ್ಸೆಯ ನೋವು ತಡೆಯಲು ಸೈನಿಕ ಕಚ್ಚಿದ್ದು ಎನ್ನುವುದು ರೂಢಿ. ಹೆಚ್ಚಿನವು ಹಂದಿ ಅಗಿದವು: ಮಣ್ಣು ಮೂಸುತ್ತಾ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡು ಉಗಿದಿರುತ್ತವೆ. ಸುತ್ತೆಲ್ಲ ಆಳವಾದ, ಅಡ್ಡಾದಿಡ್ಡಿ ಗುಳಿಗಳಿದ್ದರೆ ಹಂದಿ. ಜೋಡಿ ಜೋಡಿ ಸಣ್ಣ ಗೀರುಗಳಿದ್ದರೆ ಇಲಿ ಜಾತಿಯ ಪ್ರಾಣಿ.

ಒಂದು ಕೋರಿಕೆ. ಪ್ರತಿ ಗುಂಡು ಸಿಕ್ಕ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿ, ಬೇರೆ ಬೇರೆ ಚೀಲದಲ್ಲಿಡಿ. ಸೇನೆ ಎಲ್ಲಿ ನಿಂತಿತ್ತು, ಎತ್ತ ಗುಂಡು ಹಾರಿಸಿತು ಎಂಬುದು ಗುಂಡುಗಳು ಚೆದುರಿದ ರೀತಿಯಿಂದ ಗೊತ್ತಾಗುತ್ತದೆ. ಜಾಗ ಮರೆತ ಗುಂಡು ಬರೀ ಸೀಸದ ಉಂಡೆ. ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ, ಅಲ್ಲಿನ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ನವರಿಗೆ ತೋರಿಸಿ ದಾಖಲಿಸಿ.

ಪ್ರಶ್ನೆ: ಗುಂಡಿನ ಮೇಲಿನ ಬಿಳಿ ಪದರವನ್ನು ವಿನಿಗರ್‌ನಿಂದ ತೆಗೆಯಬಹುದೇ?

ಉತ್ತರ: ಖಂಡಿತ ಬೇಡ. ಗಟ್ಟಿಯಾಗಿ ಹಿಡಿದ ಆ ಪದರವೇ ಒಳಗಿನ ಸೀಸವನ್ನು ಕಾಯುತ್ತಿರುವುದು. ಏಣು, ಪಟ್ಟಿಗಳ ಗುರುತು ಉಳಿದಿರುವುದೂ ಅದರಲ್ಲೇ. ಸಾದಾ ನೀರು, ಮೆತ್ತನೆಯ ಬ್ರಷ್ ಸಾಕು. ತಂತಿ ಬ್ರಷ್ ಮುಟ್ಟಿಸಬೇಡಿ. ಪದರ ಹುಡಿಹುಡಿಯಾಗಿ ಉದುರುತ್ತಿದ್ದರೆ ಇಟ್ಟ ಜಾಗದಲ್ಲೇ ದೋಷವಿದೆ. ಓಕ್ ಮರದ ಪೆಟ್ಟಿಗೆ, ರಟ್ಟಿನ ಡಬ್ಬಿಗಳಿಂದ ಏಳುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಪಾಲಿಥೀನ್ ಚೀಲ, ಪಾಲಿಪ್ರೊಪಿಲೀನ್ ಡಬ್ಬಿಗೆ ಬದಲಿಸಿ. ಸೀಸ ವಿಷ: ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ, ಊಟದ ಮೇಜಿನ ಮೇಲೆ ತಂದಿಡಬೇಡಿ.

ಪ್ರಶ್ನೆ: ಶ್ರೀರಂಗಪಟ್ಟಣದ ಬಳಿ ನಮ್ಮ ಗದ್ದೆ ಉಳುವಾಗ 30.5 ಗ್ರಾಂನ ಸೀಸದ ಗುಂಡು ಸಿಕ್ಕಿದೆ. ಟಿಪ್ಪು ಕಾಲದ್ದೇ? ಡಿಟೆಕ್ಟರ್ ತಂದು ಇನ್ನಷ್ಟು ಹುಡುಕಬಹುದೇ?

ಉತ್ತರ: ಲೆಕ್ಕ ಹಾಕಿದರೆ 17.7 ಮಿ.ಮೀ. ಟಿಪ್ಪು ಕಡೆಯವರೂ ಬಳಸುತ್ತಿದ್ದ ಫ್ರೆಂಚ್ ಸೇನೆಯ ಕೋವಿಯ ನಳಿಗೆಯೇ 17.5 ಮಿ.ಮೀ., ಅದರೊಳಗೆ ಈ ಗುಂಡು ಇಳಿಯುವುದೇ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯವರ ಬ್ರೌನ್ ಬೆಸ್‌ಗೆ ಸರಿಯಾಗಿ ಹೊಂದುತ್ತದೆ. ಹಾಗಾಗಿ 1792 ಅಥವಾ 1799ರ ಮುತ್ತಿಗೆಯದಿರಬಹುದು. ಆದರೆ ಎದುರಾಳಿಯಿಂದ ಕಿತ್ತುಕೊಂಡ ಕೋವಿ ಎರಡೂ ಕಡೆ ಬಳಕೆಯಲ್ಲಿರುತ್ತಿತ್ತು, ಹಾರಿಸಿದವರು ಯಾರೆಂದು ಗುಂಡು ಹೇಳಲಾರದು.

ಡಿಟೆಕ್ಟರ್ ಬೇಡ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ತಡೆಯುತ್ತದೆ. ಸ್ವಂತ ಗದ್ದೆಯಲ್ಲಿ ಸಿಕ್ಕರೂ, ಬೆಲೆಯುಳ್ಳ ನಿಧಿಯ ವಿಚಾರವನ್ನು ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ಸಿಕ್ಕ ದಿನ, ಸರ್ವೆ ನಂಬರ್, ಬದುವಿನಿಂದ ಎಷ್ಟು ಅಡಿ ಎಂದು ಬರೆದಿಡಿ, ಫೋಟೊ ತೆಗೆಯಿರಿ, ಪುರಾತತ್ವ ಇಲಾಖೆಗೂ ಒಂದು ಪ್ರತಿ ಕಳಿಸಿ. ಯಾರಿಗೂ ಮಾರಬೇಡಿ.

ಉಳುವಾಗ ತೂತಿರುವ ಟೊಳ್ಳು ಕಬ್ಬಿಣದ ಗುಂಡು ಎದ್ದರೆ ಮಾತ್ರ ತಕ್ಕಡಿ, ಬ್ರಷ್ ಎಲ್ಲ ಬದಿಗಿಡಿ. ಒಳಗೆ ಮದ್ದು ಉಳಿದಿರಬಹುದು. ಅಲುಗಿಸದೆ, ಆ ಸಾಲಿನ ಉಳುಮೆ ನಿಲ್ಲಿಸಿ, ಪೊಲೀಸರಿಗೆ ತಿಳಿಸಿ.