ಅಂಗಾಲಿನ ಕಪ್ಪು ಕಲೆ: ಕತ್ತರಿಸೋ ಮೊದ್ಲು ಏನೇನು ನೋಡ್ಬೋದು?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮಮ್ಮಂಗೆ 62 ವರ್ಷ. ಎಡಗಾಲಿನ ಅಂಗಾಲಲ್ಲಿ, ಹಿಮ್ಮಡಿ ಹತ್ರ ಒಂದು ಕಪ್ಪು ಕಲೆ ಇದೆ, ಮೊದ್ಲು ಕಡಲೆಬೇಳೆಯಷ್ಟಿತ್ತು, ಒಂದು ವರ್ಷದಲ್ಲಿ ಅಗಲ ಆಗಿದೆ. ಆಣಿ ಇರ್ಬೇಕು ಅಂತ ಮೆಡಿಕಲ್ ಶಾಪಿಂದ ಪಟ್ಟಿ ತಂದು ಹಾಕಿದ್ವಿ, ಹೋಗ್ಲಿಲ್ಲ. ಸ್ಕಿನ್ ಡಾಕ್ಟ್ರು ಡರ್ಮೋಸ್ಕೋಪಿ ಮಾಡೋಣ, ಆಮೇಲೆ ಬಯಾಪ್ಸಿ (ಕಲೆ ಕತ್ತರಿಸಿ ತೆಗೆದು ಲ್ಯಾಬಲ್ಲಿ ನೋಡೋದು) ಬೇಕಾಗ್ಬೋದು ಅಂದ್ರು. ಕತ್ತಿ ತಾಗಿದ್ರೆ ಎಲ್ಲಾ ಕಡೆ ಹರಡುತ್ತೆ ಅಂತ ಅಮ್ಮ ಬರೋಕೇ ಒಪ್ತಿಲ್ಲ. ಬರೀ ಸ್ಕ್ಯಾನ್‌ನಲ್ಲೇ ತಿಳ್ಕೊಳ್ಳೋಕಾಗಲ್ವಾ?
– ಓದುಗರು, ಮಲ್ಲೇಶ್ವರಂ

ಉತ್ತರ: ಈ ವಾರಾನೇ ಕರ್ಕೊಂಡು ಹೋಗಿ. ಒಂದು ವರ್ಷದಲ್ಲಿ ಅಗಲ ಆಗಿರೋ ಅಂಗಾಲಿನ ಕಪ್ಪು ಕಲೆನ ಮುಂದಕ್ಕೆ ಹಾಕ್ಬಾರ್ದು. ಕ್ಯಾನ್ಸರ್ರೇ ಅಂತ ನಾನು ಹೇಳ್ತಿಲ್ಲ, ಎಷ್ಟೋ ಸಲ ಅದು ಸಾದಾ ಮಚ್ಚೆ, ಇಲ್ಲಾ ಒತ್ತಡಕ್ಕೆ ಚರ್ಮದೊಳಗೆ ಹೆಪ್ಪುಗಟ್ಟಿದ ರಕ್ತ ಆಗಿರುತ್ತೆ, ಆದ್ರೆ ಅದನ್ನ ನೋಡಿ ಹೇಳ್ಬೇಕು, ಊಹೆ ಮಾಡಿ ಅಲ್ಲ.

ಡರ್ಮೋಸ್ಕೋಪಿಗೆ ಅಮ್ಮ ಹೆದರೋ ಹಾಗೇ ಇಲ್ಲ. ಅದು ಅಂಗೈಲಿ ಹಿಡಿಯೋ ಅಷ್ಟು ಚಿಕ್ಕ ಲೆನ್ಸು, ಸುತ್ತ ಎಲ್‌ಇಡಿ ಲೈಟು, ಸಾಮಾನ್ಯವಾಗಿ 10 ಪಟ್ಟು ದೊಡ್ಡದಾಗಿ ತೋರ್ಸುತ್ತೆ ಅಷ್ಟೇ. ಎಕ್ಸ್‌ರೇ ಅಲ್ಲ, ಸೂಜಿ ಇಲ್ಲ. ಕೆರೆ ನೀರಿನ ಮೇಲೆ ಬಿಸಿಲು ಹೊಳೀತಿದ್ರೆ ಕೆಳಗಿರೋ ಮೀನು ಕಾಣಲ್ಲ ಅಲ್ವಾ, ಚರ್ಮದ ಮೇಲೂ ಹಾಗೇ ಒಂದು ಹೊಳಪು ಇರುತ್ತೆ, ಪೋಲರೈಸ್ಡ್ ಲೈಟೋ ಒಂದು ಹನಿ ಜೆಲ್ಲೋ ಆ ಹೊಳಪನ್ನ ತೆಗೆದ್ರೆ ಒಳಗಿನ ಬಣ್ಣ ಯಾವ ಆಕಾರದಲ್ಲಿ ಕೂತಿದೆ ಅಂತ ಕಾಣುತ್ತೆ.

ಅಂಗಾಲಲ್ಲಿ ಇದ್ರ ಉಪಯೋಗ ಇನ್ನೂ ಜಾಸ್ತಿ. ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ, ಒಂದು ಬೋದು (ಉಬ್ಬು) ಒಂದು ಸಾಲು (ತಗ್ಗು), ಒಂದು ಬೋದು ಒಂದು ಸಾಲು. ಬೋದಿನ ಮೇಲೆ ಬೆವರಿನ ರಂಧ್ರಗಳು ಮಣಿ ಪೋಣಿಸಿದ ಹಾಗೆ ಬಿಳೀ ಚುಕ್ಕಿಯಾಗಿ ಕಾಣ್ತಾವೆ. ಕಪ್ಪು ಬಣ್ಣ ಸಾಲಿನೊಳಗೆ ಗೆರೆ ಗೆರೆಯಾಗಿ ಇಳಿದಿದ್ರೆ ಬಹುತೇಕ ಅದು ನಿರುಪದ್ರವಿ ಮಚ್ಚೆ, ಬೋದಿನ ಮೇಲೆ ಹರಡಿದ್ರೆ ಮೆಲನೋಮಾ, ಅಂದ್ರೆ ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳ ಕ್ಯಾನ್ಸರ್, ಅನ್ನೋ ಅನುಮಾನ ಬರ್ಬೇಕು. ಈ ವ್ಯತ್ಯಾಸವನ್ನ ಗಟ್ಟಿಯಾಗಿ ತೋರಿಸ್ಕೊಟ್ಟಿದ್ದು ಜಪಾನಿನ ಡಾಕ್ಟ್ರುಗಳು. ಯಾವ್ದು ಸಾಲು ಯಾವ್ದು ಬೋದು ಅಂತ ಗೊತ್ತಾಗ್ದೇ ಇದ್ರೆ ಕಲೆ ಮೇಲೆ ಸ್ವಲ್ಪ ಫೌಂಟನ್ ಪೆನ್ ಇಂಕ್ ಹಚ್ಚಿ ಒರೆಸ್ತೀವಿ, ಇಂಕು ಸಾಲಲ್ಲಿ ಮಾತ್ರ ಉಳ್ಕೊಳ್ಳುತ್ತೆ, ಆಗ ಲೆನ್ಸ್ ಇಟ್ರೆ ಸ್ಪಷ್ಟ ಆಗುತ್ತೆ. ನಾನು ಇದನ್ನ ಮೊದಲ್ನೇ ಸಲ ಮಾಡಿ ನೋಡಿದ ದಿನ ಇಂಕಿನ ನೀಲಿ ಗೆರೆ ಒಂದು ಕಡೆ, ಕಲೆಯ ಕಂದು ಗೆರೆ ಇನ್ನೊಂದು ಕಡೆ, ಎರಡೂ ಬೇರೆ ಬೇರೆಯಾಗಿ ಕಂಡಿದ್ದು ಇವತ್ತಿಗೂ ಕಣ್ಣಲ್ಲಿದೆ, ಆ ಪೇಷೆಂಟ್‌ಗೆ ಅದೇ ದಿನ ಬಯಾಪ್ಸಿಗೆ ಬರ್ಕೊಟ್ಟೆ.

ಇನ್ನು ದೊಡ್ಡ ಮಷೀನುಗಳ ಬಗ್ಗೆ. ಕಾನ್‌ಫೋಕಲ್ ಮೈಕ್ರೋಸ್ಕೋಪಿ ಅಂತ ಒಂದಿದೆ, ಕಡಿಮೆ ಶಕ್ತಿಯ ಲೇಸರ್ ಬೆಳಕು ಬಿಟ್ಟು ಚರ್ಮದ ಜೀವಕೋಶಗಳನ್ನೇ ತೋರ್ಸುತ್ತೆ, 1995ರಲ್ಲಿ ಮಿಲಿಂದ್ ರಾಜಾಧ್ಯಕ್ಷ ಮತ್ತವರ ಜೊತೆಯವರು ಬಾಸ್ಟನ್‌ನಲ್ಲಿ ಮನುಷ್ಯರ ಚರ್ಮದ ಮೇಲೆ ಮಾಡಿ ತೋರಿಸಿದ್ರು. ಮುಖದ ಮೇಲಿನ ಕಲೆಗೆ ಅದು ತುಂಬಾ ಒಳ್ಳೇದು. ಆದ್ರೆ ಅದ್ರ ಬೆಳಕು ಒಳಗೆ ಹೋಗೋದೇ ಸುಮಾರು 0.2 ಮಿಲಿಮೀಟರ್, ಅಂಗಾಲಿನ ದಪ್ಪ ತೊಗಲಲ್ಲಿ ಅದು ಮೇಲ್ಪದರದಲ್ಲೇ ನಿಂತುಬಿಡುತ್ತೆ, ಹಾಗಾಗಿ ಅಮ್ಮನ ಕಾಲಿಗೆ ಅದನ್ನ ಹುಡುಕ್ಕೊಂಡು ಅಲೀಬೇಡಿ. ಕಣ್ಣಿನ ಆಸ್ಪತ್ರೇಲಿ ರೆಟಿನಾ ನೋಡೋಕೆ ಬಳಸ್ತಾರಲ್ಲ ಓಸಿಟಿ ಅನ್ನೋ ಬೆಳಕಿನ ಸ್ಕ್ಯಾನ್, ಅದನ್ನ ಚರ್ಮಕ್ಕೂ ಬಳಸ್ತಾರೆ, 1ರಿಂದ 2 ಮಿಲಿಮೀಟರ್ ಆಳ ಕಾಣುತ್ತೆ, ಮುಖದಲ್ಲಿ ಬರೋ ಬೇಸಲ್ ಸೆಲ್ ಕ್ಯಾನ್ಸರ್‌ಗೆ ಸಹಾಯ ಆಗುತ್ತೆ, ಮೆಲನೋಮಾ ಹೌದೋ ಅಲ್ವೋ ಅಂತ ಹೇಳೋಕೆ ಸಾಲದು.

ಯಾವ ಸ್ಕ್ಯಾನೇ ಆಗ್ಲಿ, ಕತ್ತರಿಸ್ಬೇಕಾ ಬೇಡ್ವಾ, ಎಲ್ಲಿ ಕತ್ತರಿಸ್ಬೇಕು ಅಂತ ಹೇಳುತ್ತೆ ಅಷ್ಟೇ. ಅನುಮಾನ ಇರೋ ಕಲೆಗೆ ಕೊನೇ ಮಾತು ಬಯಾಪ್ಸಿದೇ, ಯಾಕಂದ್ರೆ ಮೆಲನೋಮಾ ಎಷ್ಟು ಮಿಲಿಮೀಟರ್ ಆಳ ಇಳಿದಿದೆ ಅನ್ನೋದ್ರ ಮೇಲೆ ಮುಂದಿನ ಟ್ರೀಟ್‌ಮೆಂಟ್ ನಿಂತಿರುತ್ತೆ. ಬಯಾಪ್ಸಿ ಮಾಡಿದ್ರಿಂದ ಅದು ಹರಡಲ್ಲ, ಬಿಟ್ರೆ ಹರಡುತ್ತೆ. ಅಮ್ಮಂಗೆ ಇದನ್ನ ಪಕ್ಕದಲ್ಲಿ ಕೂತು, ಕೈ ಹಿಡ್ಕೊಂಡು ಹೇಳಿ.

ನಮ್ಮಂಥ ಕಂದು ಚರ್ಮದವ್ರಿಗೆ ಮೆಲನೋಮಾ ಅಪರೂಪ, ಬಂದ್ರೆ ಅಂಗಾಲು, ಅಂಗೈ, ಉಗುರಿನ ಕೆಳಗೇ ಜಾಸ್ತಿ, ಅದಕ್ಕೆ ಬಿಸಿಲು ಕಾರಣ ಅಲ್ಲ. ಗಾಯಕ ಬಾಬ್ ಮಾರ್ಲೆಗೂ ಕಾಲ್ಬೆರಳಿನ ಉಗುರಿನ ಕೆಳಗೆ ಇದೇ ಬಂದಿದ್ದು, 1977ರಲ್ಲಿ ಮೊದ್ಲು ಫುಟ್‌ಬಾಲ್ ಏಟು ಅಂದ್ಕೊಂಡಿದ್ರು, 1981ರಲ್ಲಿ 36ನೇ ವಯಸ್ಸಿಗೆ ತೀರ್ಕೊಂಡ್ರು.

ಹೋಗೋ ದಿನ ಕಾಲಿಗೆ ಅರಿಶಿನ, ಮೆಹಂದಿ ಬೇಡ, ನೇಲ್ ಪಾಲಿಶ್ ಇದ್ರೆ ತೆಗೀರಿ. ಆಣಿ ಪಟ್ಟಿ ಇವತ್ತೇ ನಿಲ್ಸಿ, ಅದ್ರಲ್ಲಿರೋ ಆಸಿಡ್ ಚರ್ಮ ಕೊರೆದು ಗೆರೆಗಳನ್ನೇ ಅಳಿಸ್ಬಿಡುತ್ತೆ.

ಪ್ರಶ್ನೆ: ಮಗನ ಕೆನ್ನೇಲಿ ಬಿಳೀ ಮಚ್ಚೆ ಆಗಿದೆ, 7 ವರ್ಷ. ತೊನ್ನಾ ಅಂತ ಮನೇಲೆಲ್ಲಾ ಗಾಬರಿ. ಕತ್ತಲೆ ರೂಮಲ್ಲಿ ನೇರಳೆ ಲೈಟ್ ಹಾಕಿ ನೋಡ್ತೀವಿ ಅಂದ್ರು, ಮಗುಗೆ ಏನಾದ್ರೂ ಆಗುತ್ತಾ?
– ಓದುಗರು, ವಿಜಯನಗರ

ಉತ್ತರ: ಏನೂ ಆಗಲ್ಲ, ಕಣ್ಣು ಮುಚ್ಕೊಂಡಿದ್ರೆ ಸಾಕು. ಅದು ವುಡ್ಸ್ ಲ್ಯಾಂಪ್, ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ಮಾಡಿದ ಫಿಲ್ಟರಿಂದ ಬಂದ ಹೆಸ್ರು. ತೊನ್ನಿದ್ರೆ ಆ ಜಾಗ ಸುಣ್ಣ ಬಳಿದ ಹಾಗೆ ನೀಲಿ-ಬಿಳಿ ಹೊಳೀತದೆ, ಅಂಚು ಚೂಪಾಗಿ ಕಾಣುತ್ತೆ. ಮಕ್ಕಳ ಕೆನ್ನೇಲಿ ಒಣ ಚರ್ಮಕ್ಕೆ ಬರೋ ಮಸುಕು ಬಿಳುಪು ಹಾಗೆ ಹೊಳಿಯಲ್ಲ. ಆವತ್ತು ಮುಖಕ್ಕೆ ಕ್ರೀಮು ಹಚ್ಬೇಡಿ, ಕೆಲವು ಕ್ರೀಮುಗಳು, ಬಟ್ಟೆಯ ಜುಂಗು ಕೂಡ ಆ ಬೆಳಕಲ್ಲಿ ಹೊಳೆದು ದಾರಿ ತಪ್ಪಿಸ್ತವೆ.

ಪ್ರಶ್ನೆ: ಮಚ್ಚೆ ಫೋಟೋ ತೆಗೆದ್ರೆ ಕ್ಯಾನ್ಸರ್ ಹೌದೋ ಅಲ್ವೋ ಹೇಳೋ ಆ್ಯಪ್ ನಂಬ್ಬೋದಾ?
– ಓದುಗರು, ಯಲಹಂಕ

ಉತ್ತರ: ಆ್ಯಪ್ ಹೇಳ್ತು ಅಂತ ಸುಮ್ನೆ ಕೂರ್ಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವ್ರು ಸುಮಾರು 1.29 ಲಕ್ಷ ಫೋಟೋ ಕೊಟ್ಟು ಕಂಪ್ಯೂಟರ್‌ಗೆ ಕಲಿಸಿ, ಅದು 21 ಸ್ಕಿನ್ ಡಾಕ್ಟ್ರುಗಳ ಸಮಕ್ಕೆ ಗುರುತಿಸ್ತು ಅಂತ ತೋರಿಸಿದ್ದು ನಿಜ. ಆದ್ರೆ ಇಂಥ ಪ್ರೋಗ್ರಾಮ್‌ಗಳಿಗೆ ಸಿಕ್ಕಿರೋ ಫೋಟೋಗಳಲ್ಲಿ ಬಿಳೀ ಚರ್ಮದವ್ರದ್ದೇ ಜಾಸ್ತಿ, ನಮ್ಮ ಅಂಗಾಲು, ನಮ್ಮ ಉಗುರು ಅವಕ್ಕೆ ಅಷ್ಟಾಗಿ ಗೊತ್ತಿಲ್ಲ. ಫೋನನ್ನ ಇನ್ನೊಂದಕ್ಕೆ ಬಳ್ಸಿ: ಡಾಕ್ಟ್ರು ನೋಡಿ ಸದ್ಯಕ್ಕೆ ಪರವಾಗಿಲ್ಲ ಅಂದ ಮಚ್ಚೆ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು, ಕಿಟಕಿ ಬೆಳಕಲ್ಲಿ, ಮೂರು ತಿಂಗಳಿಗೊಂದ್ಸಲ ಅದೇ ನಾಣ್ಯ ಅದೇ ದೂರದಿಂದ ಫೋಟೋ ತೆಗೆದಿಡಿ, ಮುಂದಿನ ಸಲ ಹೋದಾಗ ತೋರ್ಸಿ.