ಪ್ರತಿಕ್ರಿಯೆ: ಕಿವಿಯೋಲೆ ಬದಲಾದ ಮೇಲೆ ಹಸುವಿನ ಮಾರಾಟದ ಅರ್ಜಿ ವಾಪಸ್ ಬರುತ್ತಿದೆ

ಹಸುವಿನ ಕಿವಿಯೋಲೆ (ಗುರುತಿನ ಸಂಖ್ಯೆಯಿರುವ ಬಿಲ್ಲೆ) ಬಿದ್ದು ಬೇರೆ ಹಾಕಿಸಿದ ಮೇಲೆ ಮಾರಾಟದ ಅರ್ಜಿ ವಾಪಸ್ ಬರುತ್ತಿದೆ ಎಂದು ಕೇಳಿದ್ದೀರಿ. ಬದಲಿ ಓಲೆ ಹಾಕಿದವರು ಹೊಸ ಸಂಖ್ಯೆಯನ್ನು ಹಳೆಯದಕ್ಕೆ ಜೋಡಿಸದೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಹಾಗಾದಾಗ ಜಾನುವಾರು ನೋಂದಣಿಯ ಕಡತದಲ್ಲಿ ಒಂದೇ ಹಸು ಎರಡಾಗುತ್ತದೆ: ಹಳೆ ಸಂಖ್ಯೆಯಲ್ಲಿ ನಿಮ್ಮ ಹೆಸರು, ಲಸಿಕೆ ಎಲ್ಲ ಇರುತ್ತದೆ, ಕಿವಿಯಲ್ಲಿರುವ ಸಂಖ್ಯೆಗೆ ಏನೂ ಇರುವುದಿಲ್ಲ.

ಮೊದಲು ಓಲೆಯನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಸಗಣಿ ಮೆತ್ತಿದ ಓಲೆಯಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ, ಅರ್ಧ ತಕರಾರು ಹುಟ್ಟುವುದೇ ಅಲ್ಲಿ. ಆಮೇಲೆ ಎರಡು ಫೋಟೊ: ಓಲೆ ಹತ್ತಿರದಿಂದ, ಇನ್ನೊಂದು ಮುಖ, ಕೊಂಬು, ಮಚ್ಚೆ ಕಾಣುವಂತೆ. ಎಲೆಕ್ಟ್ರಾನಿಕ್ ಓಲೆಯಾದರೆ ರೀಡರ್ (ಓಲೆಯೊಳಗಿನ ಸಂಖ್ಯೆ ಓದುವ ಸಾಧನ) ತೋರಿಸುವ 15 ಅಂಕಿಗಳನ್ನೂ ಬರೆದುಕೊಳ್ಳಿ. ಮೇಲೆ ಅಚ್ಚಾದ ಸಂಖ್ಯೆ ಅದಕ್ಕಿಂತ ಬೇರೆ ಇರಬಹುದು.

ಕಡತದ ತಿದ್ದುಪಡಿಗೆ ಕೊಡುವ ಅರ್ಜಿಯಲ್ಲಿ ‘ಹೊಸ ನೋಂದಣಿ’ ಎಂದು ದಯವಿಟ್ಟು ಬರೆಯಬೇಡಿ, ಗೋಜಲು ಇನ್ನೂ ಹೆಚ್ಚುತ್ತದೆ. ‘ಹಳೆ ಸಂಖ್ಯೆ ಇಂಥದ್ದು, ಓಲೆ ಬಿದ್ದಿದೆ, ಬದಲಿ ಸಂಖ್ಯೆ ಇಂಥದ್ದು, ಎರಡನ್ನೂ ಜೋಡಿಸಿ’ ಎಂದೇ ಬರೆಯಿರಿ. ಫೋಟೊ, ಲಸಿಕೆ ಚೀಟಿಯ ನಕಲು ಲಗತ್ತಿಸಿ, ದಿನಾಂಕವಿರುವ ಸ್ವೀಕೃತಿ ಕೇಳಿ ಪಡೆಯಿರಿ. ತಿದ್ದುಪಡಿಗೆ ಮುಂಚೆ ಹಸುವನ್ನು ಸಾಗಿಸಬೇಡಿ. ದಾರಿಯಲ್ಲಿ ತಡೆದರೆ ಅದು ನಿಮ್ಮದೆಂದು ತೋರಿಸುವುದು ಕಷ್ಟ.

ಓಲೆ ಬಿದ್ದದ್ದು ಬಹುಶಃ ಕಿವಿಯ ತುದಿಗೆ ಹಾಕಿದ್ದರಿಂದ. ಅಲ್ಲಿ ಬೇಲಿಗೆ ಸಿಕ್ಕಿ ಹರಿಯುತ್ತದೆ. ನಡುಭಾಗದಲ್ಲಿ, ಎರಡು ಗಟ್ಟಿ ಏಣುಗಳ ಮಧ್ಯೆ, ರಕ್ತನಾಳ ತಪ್ಪಿಸಿ ಚುಚ್ಚಬೇಕು. ಈಗಿನ ಓಲೆಯ ಸುತ್ತ ಊತ, ಕೀವು ಇದ್ದರೆ ನೀವೇ ಕೀಳದೆ ಪಶುವೈದ್ಯರಿಗೆ ತೋರಿಸಿ.