ಎರಡೂ ಕಪ್ಪು ಪುಡಿಗಳೇ ಆಗಿರುವಾಗ ಹಾಳೆ ಮಬ್ಬಾಗುವುದೇಕೆ?

ಚಿತ್ರದುರ್ಗದಲ್ಲಿ ಝೆರಾಕ್ಸ್ ಅಂಗಡಿ ನಡೆಸುವ ತಾವು ಕೇಳಿರುವುದು ಇಷ್ಟು: ಲೇಸರ್ ಪ್ರಿಂಟರಿನ ಕಾರ್ಟ್ರಿಜ್‌ಗೆ ಬೇರೆ ಡಬ್ಬಿಯ ಟೋನರ್ ತುಂಬಿಸಿದ ಮೇಲೆ ಅಕ್ಷರಗಳು ತೆಳುವಾಗಿವೆ, ಬಿಳಿಯಾಗಿ ಉಳಿಯಬೇಕಾದ ಜಾಗವೆಲ್ಲ ಬೂದಿ ಬಳಿದಂತೆ ಮಬ್ಬಾಗಿದೆ, ಎರಡೂ ಕಪ್ಪು ಪುಡಿಗಳೇ ಆಗಿರುವಾಗ ಹೀಗೇಕೆ? ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿದ ನನಗೆ ಇದು ಅತ್ಯಂತ ಪ್ರಿಯವಾದ ವಿಷಯವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಟೋನರನ್ನು ನಾವು ಬಣ್ಣದ ಪುಡಿ ಎಂದು ಭಾವಿಸುತ್ತೇವೆ. ಆದರೆ ಯಂತ್ರಕ್ಕೆ ಅದರ ಬಣ್ಣ ಕಾಣುವುದಿಲ್ಲ. ಆ ಕಣ ಎಷ್ಟು ವಿದ್ಯುದಾವೇಶ ಹೊತ್ತಿದೆ, ಅದು ಋಣವೋ ಧನವೋ ಎಂಬುದಷ್ಟೇ ಯಂತ್ರಕ್ಕೆ ಮುಖ್ಯ. ಬಹುತೇಕ ಲೇಸರ್ ಪ್ರಿಂಟರುಗಳಲ್ಲಿ ಅಕ್ಷರ ಮೊದಲು ಮೂಡುವ ಉರುಳೆಯಾದ ಡ್ರಮ್ಮಿನ ಮೈಗೆ ಮೊದಲು ಋಣಾವೇಶ ಕೊಟ್ಟು, ಅಕ್ಷರ ಮೂಡಬೇಕಾದ ಜಾಗದಲ್ಲಿ ಮಾತ್ರ ಲೇಸರ್ ಬೆಳಕಿನಿಂದ ಆ ಆವೇಶವನ್ನು ಇಳಿಸುತ್ತಾರೆ. ಋಣಾವೇಶದ ಟೋನರ್ ಕಣವನ್ನು ಬೆಳಕು ಬೀಳದ ಜಾಗ ಹಿಂದಕ್ಕೆ ತಳ್ಳುತ್ತದೆ, ಬೆಳಕು ಬಿದ್ದ ಜಾಗ ಬರಮಾಡಿಕೊಳ್ಳುತ್ತದೆ. ಕಣದಲ್ಲಿ ಆವೇಶ ಸಾಲದೆ ಹೋದರೆ, ಅಥವಾ ಧನಾವೇಶವೇ ಇದ್ದರೆ, ಅದು ಬಿಳಿಯ ಜಾಗಕ್ಕೂ ಹೋಗಿ ಕೂರುತ್ತದೆ. ನಿಮ್ಮ ಹಾಳೆಯ ಮಬ್ಬು ಹೀಗೆ ದಾರಿ ತಪ್ಪಿದ ಕಣಗಳದೇ ಇರಬೇಕು.

ಈ ಪುಡಿಯಲ್ಲಿ ಇರುವುದೇನೆಂದರೆ, ತೂಕದಲ್ಲಿ ಬಹುಪಾಲು ಸ್ಟೈರೀನ್-ಅಕ್ರಿಲೇಟ್ ಅಥವಾ ಪಾಲಿಯೆಸ್ಟರ್ ರಾಳ, ಸಾಮಾನ್ಯವಾಗಿ ಶೇಕಡ 5ರಿಂದ 10ರಷ್ಟು ವರ್ಣದ್ರವ್ಯ, ಸ್ವಲ್ಪ ಮೇಣ, ಕಣದ ಹೊರಮೈಗೆ ಅಂಟಿಸಿದ ಅತಿ ನುಣುಪಾದ ಸಿಲಿಕಾ, ಮತ್ತು ಶೇಕಡ 1ರಿಂದ 3ರಷ್ಟು ಆವೇಶ ನಿಯಂತ್ರಕ. ಒಂದೊಂದು ಕಣದ ಅಡ್ಡಳತೆ ಸುಮಾರು 5ರಿಂದ 10 ಮೈಕ್ರೋಮೀಟರ್. ಕಣಗಳು ಒಂದು ರೋಲರಿಗೋ ಫೆರೈಟ್ ಎಂಬ ಕಾಂತೀಯ ವಸ್ತುವಿನ ಮಣಿಗಳಿಗೋ ಉಜ್ಜಿಕೊಂಡಾಗ ಆವೇಶ ಹುಟ್ಟುತ್ತದೆ. ಒಣ ಕೂದಲಿಗೆ ಬಾಚಣಿಗೆ ಉಜ್ಜಿದಾಗ ಆಗುವುದೂ ಇದೇ.

ಬರಿಯ ರಾಳವೂ ಉಜ್ಜಿದರೆ ಆವೇಶ ಪಡೆಯುತ್ತದೆ, ಆದರೆ ನಿಧಾನವಾಗಿ ಮತ್ತು ಕಣದಿಂದ ಕಣಕ್ಕೆ ಹೆಚ್ಚುಕಡಿಮೆಯಾಗಿ. ಅದನ್ನು ಬೇಗ, ಸಮನಾಗಿ, ಬೇಕಾದ ಚಿಹ್ನೆಯಲ್ಲಿ ಹುಟ್ಟಿಸುವುದಕ್ಕೆ ನಿಯಂತ್ರಕ ಬೇಕು. ಹೆಚ್ಚು ಒಪ್ಪಿತವಾದ ವಿವರಣೆಯ ಪ್ರಕಾರ, ಈ ಸಂಯುಕ್ತಗಳಲ್ಲಿ ಒಂದು ಅಯಾನು, ಅಂದರೆ ಆವೇಶ ಹೊತ್ತ ಭಾಗ, ದೊಡ್ಡದು, ಇನ್ನೊಂದು ಚಿಕ್ಕದು. ದೊಡ್ಡದು ರಾಳದಲ್ಲಿ ಹುದುಗಿ ಅಲ್ಲೇ ಉಳಿಯುತ್ತದೆ, ಚಿಕ್ಕದು ಉಜ್ಜುವಾಗ ಎದುರಿನ ಮೈಗೆ ದಾಟಿಬಿಡುತ್ತದೆ. ಹಾಗಾಗಿ ನೈಗ್ರೊಸಿನ್ ಎಂಬ ಕಪ್ಪು ಬಣ್ಣದಲ್ಲಾಗಲಿ ಕ್ವಾಟರ್ನರಿ ಅಮೋನಿಯಮ್ ಲವಣಗಳಲ್ಲಾಗಲಿ ದೊಡ್ಡ ಧನ ಅಯಾನು ಉಳಿದು ಟೋನರ್ ಧನಾವೇಶ ಪಡೆಯುತ್ತದೆ. ಕ್ರೋಮಿಯಮ್ ಅಥವಾ ಕಬ್ಬಿಣದ ಅಜೋ ಸಂಕೀರ್ಣಗಳಲ್ಲಿ ದೊಡ್ಡ ಋಣ ಅಯಾನು ಉಳಿದು ಋಣಾವೇಶ ಪಡೆಯುತ್ತದೆ. ಈ ಎರಡು ಬಗೆಯ ಪುಡಿಗಳನ್ನು ಅಂಗೈ ಮೇಲಿಟ್ಟು ನೋಡಿದರೆ ಯಾರಿಗೂ ವ್ಯತ್ಯಾಸ ತಿಳಿಯದು.

ಬಣ್ಣದ ಟೋನರಿನಲ್ಲಿ ಈ ಕೆಲಸ ಇನ್ನೂ ಸೂಕ್ಷ್ಮ, ನನಗಂತೂ ಇನ್ನೂ ಸುಂದರ. ನೈಗ್ರೊಸಿನ್ ಕಪ್ಪು, ಕ್ರೋಮಿಯಮ್ ಅಜೋ ಸಂಕೀರ್ಣಗಳೂ ಗಾಢ ಬಣ್ಣದವು. ಅವನ್ನು ಹಳದಿಗೆ ಬೆರೆಸಿದರೆ ಹಳದಿ ಕೆಡುತ್ತದೆ. ಆದ್ದರಿಂದ ಡೈ-ಟರ್ಷಿಯರಿ-ಬ್ಯುಟೈಲ್ ಸ್ಯಾಲಿಸಿಲಿಕ್ ಆಮ್ಲದ ಸತು ಅಥವಾ ಅಲ್ಯುಮಿನಿಯಮ್ ಸಂಯುಕ್ತಗಳಂಥ ಬಣ್ಣವಿಲ್ಲದ ನಿಯಂತ್ರಕಗಳನ್ನು ಬಳಸುತ್ತಾರೆ. ತೊಡಕು ಅಲ್ಲಿಗೇ ಮುಗಿಯುವುದಿಲ್ಲ, ಏಕೆಂದರೆ ವರ್ಣದ್ರವ್ಯವೂ ಆವೇಶದ ವಿಷಯದಲ್ಲಿ ಸುಮ್ಮನಿರುವುದಿಲ್ಲ. ನೀಲಿಗೆ ತಾಮ್ರದ ಥ್ಯಾಲೊಸಯನಿನ್, ಕೆನ್ನೇರಳೆಗೆ ಕ್ವಿನಾಕ್ರಿಡೋನ್, ಹಳದಿಗೆ ಅಜೋ ವರ್ಗದ ವರ್ಣದ್ರವ್ಯ. ಒಂದೇ ರಾಳದಲ್ಲಿ ಒಂದೇ ಪ್ರಮಾಣದಲ್ಲಿ ಬೆರೆಸಿದರೂ ಮೂರರ ಆವೇಶ ಮೂರು ಬಗೆಯಾಗುತ್ತದೆ. ಅವನ್ನು ಒಂದೇ ಮಟ್ಟಕ್ಕೆ ತರದಿದ್ದರೆ ಬಣ್ಣಗಳ ಸಮತೋಲ ತಪ್ಪಿ ಮುಖದ ಫೋಟೋ ಹಸಿರು ಹೊಡೆಯಬಹುದು. ಹಳದಿಯಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು: ಡೈಅರೈಲೈಡ್ ಹಳದಿಗಳನ್ನು ಪ್ಲಾಸ್ಟಿಕ್ಕಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಅವು ಒಡೆದು ಹಾನಿಕರ ಅಮೀನುಗಳು ಹೊರಬರುತ್ತವೆಂದು ತಿಳಿದಿರುವುದರಿಂದ, ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರಿನ ಬಿಸಿಗೆ ಹೋಗಬೇಕಾದ ಪುಡಿಗೆ ಪಿಗ್ಮೆಂಟ್ ಯೆಲ್ಲೊ 180ರಂಥ ಬೆಂಜಿಮಿಡಜೋಲೋನ್ ಹಳದಿಗಳು ಮೇಲು.

ಥ್ಯಾಲೊಸಯನಿನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಕಾರ್ಖಾನೆಯೊಂದರಲ್ಲಿ ಬೇರೆ ವಸ್ತು ತಯಾರಿಸುತ್ತಿದ್ದಾಗ ಪಾತ್ರೆಯಲ್ಲಿ ನೀಲಿ ಕಲ್ಮಶವಾಗಿ ಈ ಕುಟುಂಬದ ಕಬ್ಬಿಣದ ಸಂಯುಕ್ತ ಸಿಕ್ಕಿತು. ಹರಳು ಜೋಡಣೆಯಾಗುವ ಕ್ರಮ ಬೇರೆಯಾದರೆ ತಾಮ್ರದ ಥ್ಯಾಲೊಸಯನಿನ್‌ನ ನೀಲಿಯೇ ಬೇರೆಯಾಗುತ್ತದೆ. ಟೋನರಿಗೆ ಬೇಕಾದದ್ದು ಹಸಿರು ಛಾಯೆಯ ಬೀಟಾ ರೂಪ. ತಾಮ್ರದ ಬದಲು ಟೈಟೇನಿಯಮ್ ಇರುವ ಇದೇ ಕುಟುಂಬದ ಸಂಯುಕ್ತ, ಬೆಳಕು ಬಿದ್ದಾಗ ಆವೇಶ ಹುಟ್ಟಿಸುವ ಪದರವಾಗಿ ಅನೇಕ ಪ್ರಿಂಟರುಗಳ ಡ್ರಮ್ಮಿನಲ್ಲಿಯೂ ಇದೆ.

ಇನ್ನು ನಿಮ್ಮ ಕಪ್ಪು ಪುಡಿಗೆ ಬರುತ್ತೇನೆ. ಅದರ ಕಾರ್ಬನ್ ಬ್ಲ್ಯಾಕ್ ವಿದ್ಯುದ್ವಾಹಕ. ಹೆಚ್ಚಾದರೆ ಅಥವಾ ರಾಳದಲ್ಲಿ ಸರಿಯಾಗಿ ಹರಡದಿದ್ದರೆ ಆವೇಶ ಸೋರಿಹೋಗುತ್ತದೆ. ತೇವವೂ ಹಾಗೆಯೇ ಸೋರಿಸುತ್ತದೆ. ನನ್ನ ತಂದೆ ಇಲ್ಲಿಯ ಹತ್ತಿ ಗಿರಣಿಯೊಂದರ ನೂಲುವ ವಿಭಾಗದಲ್ಲಿದ್ದರು. ಒಣಗಾಳಿಯಲ್ಲಿ ಎಳೆಗಳು ಆವೇಶ ಹಿಡಿದು ರೋಲರಿಗೆ ಸುತ್ತಿಕೊಳ್ಳುತ್ತವೆಂದು ಅಲ್ಲಿ ಗಾಳಿಗೆ ನೀರಿನ ತುಂತುರು ಬಿಡುತ್ತಿದ್ದುದನ್ನು ಬಾಲ್ಯದಲ್ಲಿ ನೋಡಿದ್ದೇನೆ. ಗಿರಣಿಗೆ ಬೇಡವಾದ ಆ ಆವೇಶವೇ ಟೋನರಿಗೆ ಜೀವ. ನಿಮ್ಮ ಊರಿನ ಒಣ ಹವೆ ಈ ದೃಷ್ಟಿಯಿಂದ ಅನುಕೂಲವೇ, ಆದರೆ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಪುಡಿ ಅಲ್ಲಿಯೂ ಮಬ್ಬು ತರಬಹುದು.

ನಿಮ್ಮಲ್ಲಿ ಪುಡಿ ಬದಲಾದ ಕೂಡಲೇ ತೊಂದರೆ ಶುರುವಾಗಿರುವುದರಿಂದ, ಹೊಸ ಪುಡಿಯ ನಿಯಂತ್ರಕ ನಿಮ್ಮ ಯಂತ್ರಕ್ಕೆ ಹೊಂದುತ್ತಿಲ್ಲ ಎಂಬುದೇ ನನ್ನ ಅನಿಸಿಕೆ. ಧನಾವೇಶದ ಟೋನರ್ ಬಳಸುವ ಲೇಸರ್ ಪ್ರಿಂಟರುಗಳೂ ಇವೆ, ಅವುಗಳ ಪುಡಿ ನಿಮ್ಮ ಕಾರ್ಟ್ರಿಜ್‌ಗೆ ಬಂದಿರಬಹುದು. ಹಳೆಯ ಪುಡಿ ಉಳಿದಿರುವಾಗಲೇ ಹೊಸದನ್ನು ಸುರಿದಿದ್ದರೆ ಇನ್ನೂ ಕಷ್ಟ, ಏಕೆಂದರೆ ಎರಡು ಬಗೆಯ ಕಣಗಳು ಪರಸ್ಪರ ಉಜ್ಜಿಕೊಂಡು ಒಂದಕ್ಕೊಂದು ವಿರುದ್ಧ ಆವೇಶ ಪಡೆಯುತ್ತವೆ. ಕಾರ್ಟ್ರಿಜ್ಜನ್ನೂ ವೇಸ್ಟ್ ಡಬ್ಬಿಯನ್ನೂ ಪೂರ್ತಿ ಖಾಲಿ ಮಾಡಿ, ರೋಲರನ್ನು ಒಣ ಬಟ್ಟೆಯಿಂದ ಒರೆಸಿ, ನಿಮ್ಮ ಪ್ರಿಂಟರಿನ ಮಾದರಿಯ ಸಂಖ್ಯೆ ನಮೂದಿಸಿದ ಪುಡಿಯನ್ನೇ ತುಂಬಿಸಿ. ಆ ಕೆಲಸ ಮಾಡುವಾಗ ಮೂಗಿಗೆ ಮಾಸ್ಕ್ ಇರಲಿ, ಚೆಲ್ಲಿದ ಪುಡಿಯನ್ನು ಬಾಯಿಂದ ಊದಬೇಡಿ, ಬಿಸಿನೀರು ಹಾಕಿ ತೊಳೆಯಲೂ ಬೇಡಿ. ಬಿಸಿ ತಾಗಿದರೆ ರಾಳ ಮೆತ್ತಗಾಗಿ ಬಟ್ಟೆಗೇ ಅಂಟಿಕೊಳ್ಳುತ್ತದೆ.